ಮಾರ್ಗಮಧ್ಯದ ಪೇಟೆ: ಮಹಾನಗರದ ನೆರೆಯಲ್ಲಿ ರಾಮನಗರ

ಮಹಾನಗರಗಳ ಚರಿತ್ರೆಯನ್ನು ಬರೆಯುವವರು ಅವುಗಳ ಸುತ್ತಲಿನ ಸಣ್ಣ ಪಟ್ಟಣಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ. ನಗರವು ಬೆಳೆಯಿತು, ನೆರೆಯ ಊರುಗಳು ಅದಕ್ಕೆ ಅಧೀನವಾದುವು ಎಂಬಷ್ಟರಿಂದಲೇ ಅವರಿಗೆ ತೃಪ್ತಿಯಾಗುತ್ತದೆ. ಆ ಊರುಗಳಲ್ಲಿ ಮನೆಮಾಡಿಕೊಂಡಿರುವವರ ಕಡೆಯಿಂದ ನೋಡಿದರೆ ವಿಷಯವು ಇಷ್ಟು ಸರಳವಾಗಿ ತೋರುವುದಿಲ್ಲ. ದೊಡ್ಡ ನಗರದ ಮಗ್ಗುಲಲ್ಲಿ ಬಾಳುವುದೆಂದರೇನು ಎಂಬ ಪ್ರಶ್ನೆಯನ್ನು ನಾವು ಇಲ್ಲಿ, ಬೆಂಗಳೂರಿಗೆ ನೈಋತ್ಯದಲ್ಲಿ ಸುಮಾರು 50 ಕಿಲೋಮೀಟರು ದೂರದಲ್ಲಿರುವ ರಾಮನಗರವನ್ನು ಮುಂದಿಟ್ಟುಕೊಂಡು ವಿಚಾರಿಸಲಿದ್ದೇವೆ. 2011ರ ಜನಗಣತಿಯ ಪ್ರಕಾರ ಈ ಊರಿನ ಜನಸಂಖ್ಯೆ ಸುಮಾರು 95 ಸಾವಿರ. ಬೆಂಗಳೂರಿನದು ಸುಮಾರು 84 ಲಕ್ಷ. ಈ ಎರಡು ಅಂಕಿಗಳೇ ಎಲ್ಲವನ್ನೂ ಹೇಳಿಬಿಡುತ್ತವೆಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಇಂತಹ ಊರಿನ ಸ್ಥಿತಿಯನ್ನು ಅಳೆಯುವುದಕ್ಕೆ ಯಾರು ಯಾರ ಬಳಿಗೆ ಹೋಗಬೇಕಾಗಿದೆ ಎಂಬುದೇ ಹೆಚ್ಚು ನಂಬಬಹುದಾದ ಅಳತೆಗೋಲೆಂದು ನಮ್ಮ ಅಭಿಪ್ರಾಯ.

ರಾಮನಗರವು ರಸ್ತೆಗಾಗಿ ಹುಟ್ಟಿದ ಊರು. ಸುತ್ತಲಿನ ಬೆಟ್ಟಗಳ ಮೇಲಿನ ಕೋಟೆಗಳು ಪೇಟೆಗಿಂತ ಹಳೆಯವು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ ಸಾವನದುರ್ಗವು ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದ ಬಳಿಕ ರಾಮಗಿರಿಯ ಕೋಟೆಯೂ ಶರಣಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ರಾಜಧಾನಿಯು ಮೈಸೂರಿಗೆ ಹೋದ ಮರುವರ್ಷ ದಿವಾನ್ ಪೂರ್ಣಯ್ಯನವರು, ದಟ್ಟವಾದ ಕಾಡಿನ ನಡುವೆ ಹಾಯುತ್ತಿದ್ದ ಹೆದ್ದಾರಿಗೆ ಭದ್ರತೆಯಿರಲೆಂದು ಇಲ್ಲಿ ಹೊಸದಾಗಿ ಪೇಟೆಯೊಂದನ್ನು ಕಟ್ಟಿಸಿದರು. ಮೈಸೂರಿನ ಮೊದಲ ರೆಸಿಡೆಂಟನಾದ ಬ್ಯಾರಿ ಕ್ಲೋಸನ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಯಿತು. 1809ರಲ್ಲಿ ಆಂಗ್ಲರ ದಂಡು ಬೆಂಗಳೂರಿನಲ್ಲಿ ನೆಲೆಯೂರಿತು. 1831ರ ನಂತರ ಸಂಸ್ಥಾನದ ಆಡಳಿತವೂ ಅಲ್ಲಿಗೇ ಸರಿಯಿತು. ದಾರಿಯ ಒಂದು ತುದಿಯಲ್ಲಿ ಅರಮನೆ, ಇನ್ನೊಂದು ತುದಿಯಲ್ಲಿ ದಂಡು ಮತ್ತು ಕಛೇರಿ, ನಡುವೆ ಈ ಪೇಟೆ. ಎತ್ತಿನ ಗಾಡಿಯ ಕಾಲದಲ್ಲಿ ಮಾರ್ಗಮಧ್ಯದ ಊರಿಗೆ ಒಂದು ಸಹಜವಾದ ಹಕ್ಕಿತ್ತು. ಪ್ರಯಾಣಿಕನು ಎಷ್ಟೇ ದೊಡ್ಡವನಾಗಿರಲಿ, ಎತ್ತುಗಳಿಗೆ ಮೇವು ನೀರು ಬೇಕಾದಾಗ ಅವನು ನಿಲ್ಲಲೇಬೇಕು. ಛತ್ರ, ಅಂಗಡಿಸಾಲು, ಸಂತೆ ಮುಂತಾದುವು ಈ ಅನಿವಾರ್ಯತೆಯ ಮೇಲೆ ಬೆಳೆಯುವಂಥವು.

1876–78ರ ಮಹಾಕ್ಷಾಮದ ತರುವಾಯ ಸಂಸ್ಥಾನವು ಹಾಕಿಸಿದ ಬೆಂಗಳೂರು–ಮೈಸೂರು ರೈಲುದಾರಿಯು 1881–82ರಲ್ಲಿ ಸಂಚಾರಕ್ಕೆ ತೆರೆಯಿತು. ರಾತ್ರಿ ತಂಗುವ ಅಗತ್ಯವು ಅಲ್ಲಿಗೆ ತಪ್ಪಿತು. ಆದರೂ ರೈಲು ಊರಿನಲ್ಲಿ ನಿಲ್ಲುತ್ತಿತ್ತು, ಈಗಲೂ ನಿಲ್ಲುತ್ತದೆ. ಊರಿನ ದಿನಚರಿಯ ಮೇಲೆ ರೈಲು ಮಾಡಿರುವ ಪರಿಣಾಮವನ್ನು ಯಾರೂ ಬರೆದಿಡದಿದ್ದರೂ ಮುಂಜಾನೆ ನಿಲ್ದಾಣದಲ್ಲಿ ನಿಂತವರಿಗೆ ಅದು ಕಾಣುತ್ತದೆ. ಪಾಸು ಹಿಡಿದು ಬೆಂಗಳೂರಿಗೆ ಹೋಗುವ ನೌಕರರು, ಕಾರ್ಖಾನೆಯ ಕೆಲಸಗಾರರು, ಕಾಲೇಜಿನ ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೊರಟ ರೋಗಿಗಳು ಇವರ ಮನೆಗಳಲ್ಲಿ ಒಲೆ ಹೊತ್ತುವುದೂ ದೀಪ ಆರುವುದೂ ಗಾಡಿಯ ವೇಳೆಯನ್ನು ಅನುಸರಿಸಿ. ಮನೆಬಾಡಿಗೆ ಕಡಮೆ, ಹೆತ್ತವರ ಬಳಿಯಲ್ಲಿರುವ ಅನುಕೂಲವುಂಟು, ಆದುದರಿಂದ ಇಲ್ಲಿಯೇ ಇದ್ದುಕೊಂಡು ದುಡಿಮೆಯನ್ನು ಮಾತ್ರ ಅಲ್ಲಿ ಮಾಡುವವರು ಬಹು ಮಂದಿ. ಇಂಥವನು ಎರಡು ಊರುಗಳ ನಿವಾಸಿ. ಎಚ್ಚರವಾಗಿರುವ ಹೊತ್ತಿನ ಬಹುಭಾಗವನ್ನು ಮಹಾನಗರಕ್ಕೆ ಕೊಟ್ಟು, ತೆರಿಗೆಯನ್ನೂ ಮತವನ್ನೂ ತನ್ನ ಊರಿಗೆ ಕೊಡುತ್ತಾನೆ. ಪುರಸಭೆಯ ಚರಂಡಿ, ಶಾಲೆಯ ಮಾಡು ಇವುಗಳ ವಿಷಯದಲ್ಲಿ ಧ್ವನಿಯೆತ್ತಬಲ್ಲ ವಿದ್ಯಾವಂತರೇ ಹಗಲು ಹೊತ್ತು ಊರಲ್ಲಿ ಇಲ್ಲದಿರುವುದು ಇಂತಹ ಪಟ್ಟಣಗಳಿಗೆ ಆಗಿರುವ ನಷ್ಟಗಳಲ್ಲಿ ದೊಡ್ಡದೆಂದು ನಾವು ಭಾವಿಸುತ್ತೇವೆ. ಅಂಗಡಿಕಾರರ ವ್ಯಾಪಾರಹಾನಿಯನ್ನು ಮಾತ್ರ ಎಣಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟೇ ಆಗಿದ್ದರೆ ರಾಮನಗರವು ಎಂದೋ ಬೆಂಗಳೂರಿನ ಮಲಗುವ ಕೋಣೆಯಾಗಿಬಿಡುತ್ತಿತ್ತು. ಹಾಗಾಗದಂತೆ ತಡೆದದ್ದು ರೇಷ್ಮೆ. ಮೈಸೂರು ಸೀಮೆಯಲ್ಲಿ ರೇಷ್ಮೆಯ ವ್ಯವಸಾಯವು ಟಿಪ್ಪುವಿನ ಕಾಲದಿಂದ ಬೆಳೆದು ಬಂದುದು ಸರ್ವವಿದಿತ. ನಮಗೆ ಇಲ್ಲಿ ಮುಖ್ಯವಾದದ್ದು ರೇಷ್ಮೆಗೂಡಿನ ಸ್ವಭಾವ. ಗೂಡು ಬಿಡಿಸಿದ ಮೇಲೆ ರೈತನಿಗೆ ಇರುವ ಅವಕಾಶ ಕೆಲವೇ ದಿನಗಳು. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬಿದ್ದರೆ ಎಳೆ ಕಡಿದುಹೋಗಿ ಮಾಲು ನಿಷ್ಪ್ರಯೋಜಕವಾಗುತ್ತದೆ. ಬೆಲೆ ಏರಲೆಂದು ರಾಗಿಯಂತೆ ಕಣಜದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಆದಕಾರಣ ಮಾರುಕಟ್ಟೆಯು ಹತ್ತಿರದಲ್ಲಿರಬೇಕು, ನೂಲು ಬಿಚ್ಚುವವರು ಮಾರುಕಟ್ಟೆಯ ಹತ್ತಿರದಲ್ಲಿರಬೇಕು. 1959ರ ಕಾಯಿದೆಯು ಗೂಡಿನ ಮಾರಾಟವನ್ನು ಸರ್ಕಾರದ ಮಾರುಕಟ್ಟೆಗಳ ಒಳಗೇ ನಡೆಯುವಂತೆ ಕಟ್ಟುಮಾಡಿದುದರಿಂದ ಈ ಬಂಧವು ಇನ್ನಷ್ಟು ಬಿಗಿಯಾಯಿತು. ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಕರ್ನಾಟಕದ ಅನೇಕ ಜಿಲ್ಲೆಗಳಿಂದಲ್ಲದೆ ಆಂಧ್ರ, ತಮಿಳುನಾಡುಗಳಿಂದಲೂ ರೈತರು ಮೂಟೆಗಳನ್ನು ಹೊತ್ತು ಬರುತ್ತಾರೆ. ಜಾಲರಿಗಳಲ್ಲಿ ಗೂಡನ್ನು ಹರಡಿ, ಲಾಟಿಗೆ ಸಂಖ್ಯೆ ಕೊಟ್ಟ ಮೇಲೆ ರೀಲರುಗಳು ಒಂದು ಹಿಡಿ ಎತ್ತಿಕೊಂಡು ಒತ್ತಿ ನೋಡುತ್ತಾರೆ, ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಹಿಂದೆ ಹರಾಜು ಕೂಗಿನಿಂದ ನಡೆಯುತ್ತಿತ್ತು. ಈಗ ವಿದ್ಯುನ್ಮಾನ ಪದ್ಧತಿಯಿಂದ ನಡೆಯುತ್ತದೆ. ಅಲ್ಲಿಂದ ಗೂಡು ಊರಿನ ಬೀದಿಗಳಿಗೆ ಹೋಗುತ್ತದೆ. ಬಹುಮಟ್ಟಿಗೆ ಮುಸಲ್ಮಾನ ಕುಟುಂಬಗಳ ಮನೆಗಳಲ್ಲಿಯೂ ಸಣ್ಣ ಘಟಕಗಳಲ್ಲಿಯೂ ಬಿಸಿನೀರಿನ ಬಾನಿಗಳ ಮುಂದೆ ಕುಳಿತು ಗಂಡಸರೂ ಹೆಂಗಸರೂ ಎಳೆ ತೆಗೆಯುತ್ತಾರೆ. ಮಿಶ್ರತಳಿಯ ಗೂಡಾದರೆ ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ಸುಮಾರು ಏಳೆಂಟು ಕಿಲೋಗ್ರಾಂ ಗೂಡು ಬೇಕು. ಬೆಂದ ಹುಳುವಿನ ವಾಸನೆ ಬೀದಿಯನ್ನೆಲ್ಲ ವ್ಯಾಪಿಸಿರುತ್ತದೆ. ಹೊಸಬರಿಗೆ ಅದು ಅಸಹ್ಯ, ಊರಿನವರಿಗೆ ಅದು ಕೆಲಸವಿದೆಯೆಂಬುದರ ಗುರುತು.

ಈ ವ್ಯವಹಾರದಲ್ಲಿ ಬೆಂಗಳೂರಿನ ಪಾತ್ರವು ನೂಲಿನ ಗಿರಾಕಿಗಳಲ್ಲಿ ಒಬ್ಬನದು. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಧಾರಣೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಲಾಯಿತು. ಐವತ್ತು ಕಿಲೋಮೀಟರು ಆಚೆಯ ಮಹಾನಗರಕ್ಕಿಂತ ದೆಹಲಿಯ ಸುಂಕದ ಪಟ್ಟಿಯೂ ಚೀನಾದೇಶದ ನೂಲೂ ಊರಿನ ಒಲೆಗೆ ಹತ್ತಿರವಾಗಿದ್ದ ಆ ವರ್ಷಗಳನ್ನು ನೆನೆದರೆ, ರಾಮನಗರವನ್ನು ಬೆಂಗಳೂರಿನ ಬಾಲವೆಂದು ಬಗೆಯುವುದು ಸರಿಯಲ್ಲವೆಂಬುದು ಸ್ಪಷ್ಟವಾಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಸಣ್ಣ ಊರಿಗೆ ಇಂತಹ ಆಸರೆ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ರಾಮನಗರದ ಮೂಲಕ ಹರಿದು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಹೊಳೆಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟನ್ನು ಕಟ್ಟಿ 1933ರಲ್ಲಿ ಬೆಂಗಳೂರಿಗೆ ನೀರನ್ನು ಒಯ್ಯಲಾಯಿತು. ಮೇಲಿನಿಂದ ಬರಬೇಕಾದ ಒಳ್ಳೆಯ ನೀರು ನಗರದ ಪಾಲಾದರೆ, ನಗರದ ಕೊಳಚೆಯನ್ನು ಹೊತ್ತ ವೃಷಭಾವತಿಯು ಬಿಡದಿಯ ಕಡೆಯ ಬೈರಮಂಗಲದ ಕೆರೆಗೆ ಬಂದು ಸೇರುತ್ತದೆ. ಅಲ್ಲಿನ ರೈತರು ನೊರೆಗಟ್ಟಿದ ಆ ನೀರಿನಿಂದಲೇ ಬೆಳೆ ತೆಗೆಯಬೇಕಾಗಿ ಬಂದಿದೆ. ಬೆಂಗಳೂರಿನ ಜಲಸರಬರಾಯಿಯನ್ನು ಕುರಿತು ಬರೆದವರು ಕೊಳಾಯಿಯ ತುದಿಯನ್ನು ನೋಡಿದ್ದಾರೆ, ಹೊಳೆಯ ಕೆಳಭಾಗವನ್ನು ನೋಡಿದವರು ಕಡಮೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಕೊಳ್ಳತಕ್ಕ ಸಂಶೋಧನೆಯಿದು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥವು ಉದ್ಘಾಟನೆಯಾಯಿತು. ಅದು ರಾಮನಗರ ಚನ್ನಪಟ್ಟಣಗಳನ್ನು ಹೊರವಲಯದ ರಸ್ತೆಯಿಂದ ಬಳಸಿಕೊಂಡು ಹೋಗುತ್ತದೆ. ಪೂರ್ಣಯ್ಯನವರು ದಾರಿಗೆ ಕಾವಲಾಗಿ ಊರನ್ನು ಕಟ್ಟಿಸಿದರು. ಈಗಿನವರು ದಾರಿಗೆ ಅಡ್ಡಿಯೆಂದು ಊರನ್ನು ಬದಿಗೆ ಬಿಟ್ಟರು. ಹಳೆಯ ರಸ್ತೆಯ ಹೋಟೆಲುಗಳಿಗೂ ಚನ್ನಪಟ್ಟಣದ ಬೊಂಬೆಯಂಗಡಿಗಳಿಗೂ ದಾರಿಹೋಕರಿಂದ ಆಗುತ್ತಿದ್ದ ವ್ಯಾಪಾರವು ಕುಗ್ಗಿತು. ಊರೊಳಗಿನ ವಾಹನಗಳ ಗದ್ದಲ ಕಡಮೆಯಾದುದನ್ನೂ ಹೇಳದಿದ್ದರೆ ಪಕ್ಷಪಾತವಾದೀತು. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಅಪಘಾತಗಳನ್ನು ತಡೆಯುವುದಕ್ಕಾಗಿ ಅದು ಅಗತ್ಯವಾಗಿತ್ತು. ಆದರೆ ಪಕ್ಕದ ಹೊಲದವನು ತನ್ನ ಸೀಮೆಯಲ್ಲಿ ಹಾದುಹೋದ ರಸ್ತೆಯನ್ನು ಪಕ್ಕದ ಸಣ್ಣ ರಸ್ತೆಯಿಂದ ನೋಡುತ್ತ ಹೋಗಬೇಕಾಯಿತು.

ಹೆಸರುಗಳ ಮಾತನ್ನು ಇಲ್ಲಿ ಎತ್ತಬೇಕು. ಸ್ವಾತಂತ್ರ್ಯಾನಂತರ ಕ್ಲೋಸ್‌ಪೇಟೆಯು ರಾಮನಗರವಾಯಿತು. ಹಳೆಯ ಹೆಸರು ಈಗ ಉಳಿದಿರುವುದು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಬಂಡೆಗಳಲ್ಲಿ. 1975ರಲ್ಲಿ ತೆರೆಗೆ ಬಂದ ಶೋಲೆ ಚಲನಚಿತ್ರದಲ್ಲಿ ಅದೇ ಬಂಡೆಗಳು ರಾಮಗಢವೆಂಬ ಊರಿನ ಹಿನ್ನೆಲೆಯಾಗಿ ದೇಶಕ್ಕೆಲ್ಲ ಪರಿಚಿತವಾದುವು. ಆಡಳಿತದ ಹೆಸರುಗಳದು ಬೇರೆಯ ಕಥೆ. ಬೆಂಗಳೂರು ಜಿಲ್ಲೆಯಿಂದ 1986ರಲ್ಲಿ ಬೆಂಗಳೂರು ಗ್ರಾಮಾಂತರವು ಬೇರ್ಪಟ್ಟಿತು. 2007ರಲ್ಲಿ ಅದರಿಂದ ರಾಮನಗರ ಜಿಲ್ಲೆಯಾಯಿತು. ಚನ್ನಪಟ್ಟಣ, ಮಾಗಡಿ, ಕನಕಪುರಗಳ ಜನರು ಕಾಗದಪತ್ರಗಳಿಗಾಗಿ ಮಹಾನಗರವನ್ನು ಹುಡುಕಿಕೊಂಡು ಹೋಗುವುದು ತಪ್ಪಿ ರಾಮನಗರಕ್ಕೆ ಬರತೊಡಗಿದರು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಬೆಂಗಳೂರಿನ ಹೆಸರು ಬಂಡವಾಳವನ್ನು ಸೆಳೆಯುವುದೆಂದು ಅದರ ಪರವಾದ ವಾದ. ಊರಿನ ಗುರುತು ಅಳಿಯುವುದೆಂದು ವಿರೋಧಿಗಳ ವಾದ. ಜಮೀನಿನ ಬೆಲೆ ಏರಿದರೆ ಮಾರುವವನಿಗೆ ಲಾಭ, ಹಿಪ್ಪುನೇರಳೆ ಬೆಳೆಯುತ್ತ ಅಲ್ಲಿಯೇ ಇರಬೇಕೆನ್ನುವವನಿಗೆ ಅಷ್ಟು ಲಾಭವಿಲ್ಲವೆಂಬುದನ್ನು ಎರಡು ಪಕ್ಷದವರೂ ಸಾಕಷ್ಟು ಚರ್ಚಿಸಿದಂತೆ ಕಾಣುವುದಿಲ್ಲ. ಜಿಲ್ಲೆಯ ಕೇಂದ್ರವಾಗಿ ರಾಮನಗರವೇ ಉಳಿಯಿತು. ಮಾಗಡಿಯ ರೈತನು ಜಿಲ್ಲಾಧಿಕಾರಿಗಳ ಕಛೇರಿಗೆ ಬರುವುದು ರಾಮನಗರಕ್ಕೆ. ಅರ್ಜಿಯಲ್ಲಿ ಬರೆಯಬೇಕಾದದ್ದು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು.