ಬಿ12 ಜೀವಸತ್ವ: ಬ್ಯಾಕ್ಟೀರಿಯಾದಿಂದ ಮಾತ್ರೆಯವರೆಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಜೈನ ಮನೆಗಳಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಮೊಸರು ನಿತ್ಯದ ಊಟ. ಪೌಷ್ಟಿಕವಾದ ಈ ಊಟದಲ್ಲಿ ಬಿ12 ಸಿಗುವುದು ಮೊಸರಿನಿಂದ ಮಾತ್ರ. ಜೋಳ, ತೊಗರಿ, ಶೇಂಗಾ, ಸೊಪ್ಪುಗಳಲ್ಲಿ ಅದು ಇಲ್ಲ. ವಯಸ್ಕರಿಗೆ ದಿನಕ್ಕೆ 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಬೇಕು. ಒಂದು ಲೋಟ ಹಾಲಿನಲ್ಲಿರುವುದು ಸುಮಾರು 1 ಮೈಕ್ರೋಗ್ರಾಂ.

ಈ ಜೀವಸತ್ವವನ್ನು ಗಿಡಗಳೂ ಪ್ರಾಣಿಗಳೂ ತಯಾರಿಸಲಾರವು. ಬ್ಯಾಕ್ಟೀರಿಯಾ ಮತ್ತು ಅವುಗಳಂಥ ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ ಅದು ಸಾಧ್ಯ. ಹಸುವಿನ ಹಾಲಿಗೂ ಅದು ಬರುವುದು ಹಸುವಿನ ಹೊಟ್ಟೆಯಲ್ಲಿರುವ ಇಂಥ ಜೀವಿಗಳಿಂದಲೇ. 1920ರ ದಶಕದಲ್ಲಿ ಒಂದು ಬಗೆಯ ಮಾರಕ ರಕ್ತಹೀನತೆಗೆ ರೋಗಿಗಳಿಗೆ ಪ್ರಾಣಿಗಳ ಯಕೃತ್ತನ್ನೇ ತಿನ್ನಿಸುತ್ತಿದ್ದರು. 1948ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಬಿ12 ಅನ್ನು ಬೇರ್ಪಡಿಸಿದರು. 1956ರಲ್ಲಿ ಡೊರೊತಿ ಹಾಡ್ಜ್‌ಕಿನ್ ಅದರ ರಚನೆ ಬಿಡಿಸಿಟ್ಟರು. ಆ ರಚನೆ ಎಷ್ಟು ಜಟಿಲವೆಂದರೆ, ರಾಸಾಯನಿಕವಾಗಿ ತಯಾರಿಸುವುದು ಇಂದಿಗೂ ಲಾಭದ ಮಾತಲ್ಲ.

ಹಾಗಾಗಿ ಕಾರ್ಖಾನೆಗಳು ಬ್ಯಾಕ್ಟೀರಿಯಾವನ್ನೇ ನಂಬಿವೆ. ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಸಕ್ಕರೆ ಅಥವಾ ಕಾಕಂಬಿಯ ದ್ರಾವಣಕ್ಕೆ ಸ್ವಲ್ಪ ಕೋಬಾಲ್ಟ್ ಲವಣ ಸೇರಿಸಿ, ಸ್ಯೂಡೊಮೊನಾಸ್ ಡಿನೈಟ್ರಿಫಿಕನ್ಸ್ ಅಥವಾ ಪ್ರೊಪಿಯೊನಿಬ್ಯಾಕ್ಟೀರಿಯಂ ಜಾತಿಯ ಬ್ಯಾಕ್ಟೀರಿಯಾವನ್ನು ಕೆಲ ದಿನ ಬೆಳೆಸುತ್ತಾರೆ. ನಂತರ ಅವನ್ನು ಕಾಯಿಸಿ, ಒಳಗಿನ ಜೀವಸತ್ವವನ್ನು ಹೊರತೆಗೆದು ಶುದ್ಧೀಕರಿಸುತ್ತಾರೆ. ಮಾತ್ರೆಯ ಚೀಟಿಯಲ್ಲಿ ಕಾಣುವ ಸಯನೋಕೋಬಾಲಮಿನ್ ಇದೇ.

ಇಲ್ಲಿ ಮಾಂಸದ ಸಂಪರ್ಕವಿಲ್ಲ, ಆದರೆ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂಬುದನ್ನು ಮುಚ್ಚಿಡಬೇಕಿಲ್ಲ. ವ್ರತನಿಯಮ ಪಾಲಿಸುವವರು ಈ ವಿಷಯ ತಿಳಿದೇ ಗುರುಗಳಲ್ಲಿ ಕೇಳುವುದು ಒಳ್ಳೆಯದು. ನಿಜವಾದ ತೊಡಕು ಹೆಚ್ಚಾಗಿ ಹೊರಕವಚದಲ್ಲಿದೆ: ಅನೇಕ ಕ್ಯಾಪ್ಸೂಲ್‌ಗಳ ಕವಚ ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಜೊತೆಗೆ ಬೆರೆಸುವ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಔಷಧಿಗಳ ಮೇಲೆ ಹಸಿರು ಚುಕ್ಕೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಜೆಲಾಟಿನ್ ಇಲ್ಲದ ಮಾತ್ರೆಯನ್ನೇ ಕೇಳಿ ಪಡೆಯಬಹುದು.

ಕೈಕಾಲು ಜೋಮು, ಸುಸ್ತು, ಮರೆವು ಕೊರತೆಯ ಲಕ್ಷಣಗಳಾಗಿರಬಹುದು. ತಡವಾದರೆ ನರಗಳಿಗಾದ ಹಾನಿ ಸರಿಹೋಗದೆಯೂ ಉಳಿಯಬಹುದು. ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳು, ಆಸಿಡಿಟಿ ಮಾತ್ರೆ ಬಿಡದವರು, ಹಿರಿಯರು, ಗರ್ಭಿಣಿಯರು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಬರೀ ಫೋಲಿಕ್ ಆಸಿಡ್ ತೆಗೆದುಕೊಂಡರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.