ಮಾವನ ಯೆಜ್ಡಿ ಮತ್ತು ಮಣ್ಣಿನ ದಾರಿ

ಮೊನ್ನೆ ಭಾನುವಾರ ತಂಗಿಯ ಮಗ ಡೊಂಬಿವಲಿಯ ನಮ್ಮ ಮನೆಗೆ ಬಂದವನೇ, "ಮಾವ, ಅಡ್ವೆಂಚರ್ ಬೈಕ್ ತಗೋಬೇಕು ಅಂತಿದೀನಿ, ಯಾವುದು ಒಳ್ಳೇದು?" ಎಂದು ಕೇಳಿದ. ಕಲ್ಯಾಣ ದಾಟಿ ಮುರ್ಬಾಡ್ ಕಡೆಯ ಮಣ್ಣು ದಾರಿಗಳಲ್ಲಿ ಓಡಿಸುವ ಆಸೆ ಅವನಿಗೆ. ಇಪ್ಪತ್ತೆಂಟು ವರ್ಷದಿಂದ ಲೋಕಲ್ ಟ್ರೇನಿನಲ್ಲಿ ನೇತಾಡುತ್ತಿರುವ ನನ್ನನ್ನು ಕೇಳುತ್ತಾನಲ್ಲ ಎಂದು ನಗು ಬಂತು. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಯಾಕೆಂದರೆ ನನ್ನ ಮಟ್ಟಿಗೆ ಈ ಕಥೆ ಶುರುವಾಗುವುದು ನಮ್ಮ ಮೈಸೂರಿನಲ್ಲಿ.

ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿಯವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಗಾಡಿಗಳು ಹೊರಬಂದವು. 1973ರ ಹೊತ್ತಿಗೆ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್, ಎರಡೂ ಬದಿಗೆ ಸೈಲೆನ್ಸರ್... ನೆನಪಿದೆಯಲ್ಲ? 1996ರಲ್ಲಿ ಕಾರ್ಖಾನೆ ಮುಚ್ಚಿತು.

ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ನನ್ನ ಸೋದರಮಾವ ಇದೇ ಯೆಜ್ಡಿಯಲ್ಲಿ ಓಡಾಡುತ್ತಿದ್ದರು. ಅದನ್ನು ಯಾರೂ ಸಾಹಸ ಅನ್ನಲಿಲ್ಲ, ಇದ್ದದ್ದೇ ಆ ದಾರಿ. ಒಂದು ಆಷಾಢದ ಸಂಜೆ ಕೆಸರಿನಲ್ಲಿ ಜಾರಿ ಬಿದ್ದರು. ಕಾಲು ಗಾಡಿಯಡಿ ಸಿಕ್ಕಿತು. ಒಬ್ಬರೇ ಎತ್ತಲಾಗದೆ, ಯಾರಾದರೂ ಬರುವ ತನಕ ಮಳೆಯಲ್ಲೇ ಬಿದ್ದಿದ್ದರು. ಕೊನೆಯವರೆಗೂ ಕುಂಟುತ್ತಲೇ ನಡೆದರು.

ಇಂಥ ದಾರಿಗೆಂದೇ ಮಾಡಿದ, ಸಾಮಾನ್ಯರ ಕೈಗೆಟುಕುವ ಗಾಡಿ ನಮ್ಮಲ್ಲಿ ಬಂದದ್ದು ತಡವಾಗಿ. 2011ರಲ್ಲಿ ಹೀರೋ 150 ಸಿಸಿಯ ಇಂಪಲ್ಸ್ ತಂದಿತು. ಜನ ಅಷ್ಟಾಗಿ ಕೊಳ್ಳಲಿಲ್ಲ, ಕೆಲವೇ ವರ್ಷಗಳಲ್ಲಿ ನಿಂತಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2020ರಲ್ಲಿ ಕೆಟಿಎಂ 390 ಅಡ್ವೆಂಚರ್ ಬಂದವು. 2022ರಲ್ಲಿ ಯೆಜ್ಡಿ ಹೆಸರೇ ಅಡ್ವೆಂಚರ್ ಬೈಕಿನ ಮೇಲೆ ಮರಳಿತು. ಹಿಮಾಲಯನ್, ಎಕ್ಸ್‌ಪಲ್ಸ್‌ಗಳ ಮುಂದಿನ ಚಕ್ರ 21 ಇಂಚು. ದೊಡ್ಡ ಚಕ್ರ ಕಲ್ಲನ್ನು ಹತ್ತಿ ಹೋಗುತ್ತದೆ, ಚಿಕ್ಕದು ಡಿಕ್ಕಿ ಹೊಡೆಯುತ್ತದೆ. ಗಾಡಿಯ ಹೊಟ್ಟೆ ನೆಲದಿಂದ ಸುಮಾರು 220 ಮಿಲಿಮೀಟರ್ ಮೇಲಿರುತ್ತದೆ.

ಈ ನಡುವೆ 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ದಕ್ಷಿಣ ಅಮೆರಿಕದ ಡಕಾರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಬೈಕಿನಲ್ಲಿ ಅದನ್ನು ಪೂರೈಸಿದ ಮೊದಲ ಭಾರತೀಯ. ಆಮೇಲೆ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮುಗಿಸಿದರು. ಆದರೆ 2021ರ ಜನವರಿಯಲ್ಲಿ ಸೌದಿಯ ಮರಳಲ್ಲಿ ಅದೇ ಸಂತೋಷ್ ಬಿದ್ದು, ವೈದ್ಯರು ಅವರನ್ನು ಕೃತಕ ಕೋಮಾದಲ್ಲಿ ಇಡಬೇಕಾಯಿತು. ಪುಣ್ಯಕ್ಕೆ ಚೇತರಿಸಿಕೊಂಡರು. ಅಂಥ ಪಳಗಿದ ಕೈಯೇ ಬಿದ್ದಿತೆಂದರೆ ನಾವೆಲ್ಲ ಎಷ್ಟರವರು!

ಹಾಗಾಗಿ ಹುಡುಗನಿಗೆ ಇಷ್ಟೇ ಹೇಳಿದೆ. "ಬಿದ್ದ ಗಾಡಿಯನ್ನು ನೀನೊಬ್ಬನೇ ಎತ್ತಿ ನಿಲ್ಲಿಸಬಲ್ಲೆಯಾ? ಅದನ್ನು ಮೊದಲು ನೋಡಪ್ಪ. 2019ರ ಎಕ್ಸ್‌ಪಲ್ಸ್ ಸುಮಾರು 155 ಕಿಲೋ, 2023ರ ಹಿಮಾಲಯನ್ ಸುಮಾರು 196 ಕಿಲೋ. ನಲವತ್ತು ಕಿಲೋ ಅಂದರೆ ಎರಡು ದಿನಸಿ ಮೂಟೆ." ಬೈಕಿನ ಬೆಲೆಯಲ್ಲೇ ಒಂದು ಭಾಗ ಬೂಟು, ಮಂಡಿಯ ರಕ್ಷೆ, ಹೆಲ್ಮೆಟ್ಟಿಗೆ ತೆಗೆದಿಡು ಎಂದೆ.

ಕಲಿಯುವುದಕ್ಕೆ ವೇಗ ಬೇಡ. ಖಾಲಿ ಮಣ್ಣಿನ ಬಯಲಲ್ಲಿ, ಜಾಗದವರನ್ನು ಕೇಳಿಕೊಂಡು, ಮೊದಲ ಗೇರಿನಲ್ಲಿ ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಬೇಕು. ನಿಂತಾಗ ಗುಂಡಿಯ ಏಟನ್ನು ಮಂಡಿ ನುಂಗುತ್ತದೆ, ಗಾಡಿ ಕೆಳಗೆ ತನ್ನ ಪಾಡಿಗೆ ಅಲುಗಾಡಿಕೊಳ್ಳುತ್ತದೆ. ಕಣ್ಣು ಚಕ್ರದ ಬುಡದಲ್ಲಿರಬಾರದು, ಮುಂದಿನ ದಾರಿಯಲ್ಲಿರಬೇಕು. ಸಡಿಲ ಮಣ್ಣಲ್ಲಿ ಮುಂದಿನ ಬ್ರೇಕನ್ನು ಹದವಾಗಿ ಒತ್ತಬೇಕು, ಹಿಡಿದರೆ ಜಾರುತ್ತದೆ. ಠಾಣೆಯ ಯೇವೂರ್ ಬೆಟ್ಟ ಹತ್ತಿರವೆಂದು ಅಲ್ಲಿಗೆ ನುಗ್ಗಬಾರದು, ಅದು ರಾಷ್ಟ್ರೀಯ ಉದ್ಯಾನದ ಕಾಡು.

ಮುರ್ಬಾಡ್ ದಾಟಿದರೆ ವೈಶಾಖರೆ, ಅದರ ಮೇಲೆ ನಾಣೇಘಾಟ್. ಕಲ್ಯಾಣ ಬಂದರಿನಿಂದ ಜುನ್ನರಕ್ಕೆ ಶಾತವಾಹನರ ಕಾಲದ ವರ್ತಕರು ಹತ್ತಿದ ಕಣಿವೆ ಅದು. ಮೇಲಿನ ಗುಹೆಯಲ್ಲಿ ರಾಣಿ ನಾಗನಿಕೆಯ ಶಾಸನವಿದೆ. ಕೆಳಗಿನಿಂದ ಹೋದರೆ ಕಲ್ಲಿನ ಮೆಟ್ಟಿಲು, ಯಾವ ಬೈಕೂ ಹತ್ತುವುದಿಲ್ಲ.

"ಮೊದಲ ಸವಾರಿ ಅಲ್ಲಿಗೇ ಹೋಗೋಣ ಮಾವ, ನೀವೂ ಬನ್ನಿ" ಅಂದ. ಗಾಡಿಯನ್ನು ಬುಡದಲ್ಲೇ ನಿಲ್ಲಿಸಿ ನಡೆಯುವುದಾದರೆ ಬರುತ್ತೇನೆ ಅಂದಿದ್ದೇನೆ. ತಂಗಿಗೆ ಇನ್ನೂ ಹೇಳಿಲ್ಲ.