ಬುರುಡೆಯೊಳಗಿನ ಎಳೆ

ಸಾಯಂಕಾಲ ವೋಲ್ಟೇಜು ತುಸು ಕುಗ್ಗಿದರೆ ದೀಪದ ಬುರುಡೆಯು ಕೆಂಪಾಗಿ ಮಂಕಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಷ್ಟಕ್ಕೆ ಇಷ್ಟೇಕೆ? ಉತ್ತರವು ಎಳೆಯ ಚರಿತ್ರೆಯಲ್ಲಿದೆ.

1879ರಲ್ಲಿ ಎಡಿಸನ್ನನು ಹತ್ತಿಯ ನೂಲನ್ನು ಇಂಗಾಲವಾಗಿಸಿ ಬುರುಡೆಯಲ್ಲಿಟ್ಟನು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರು ಬೆಳಗಿದ 1905ರಲ್ಲಿಯೂ ಲೋಕಕ್ಕೆ ಬಹುಮಟ್ಟಿಗೆ ಇಂಗಾಲದ ಎಳೆಯೇ ಗತಿ. ಅದಕ್ಕೊಂದು ವಿಪರೀತ ಗುಣವುಂಟು: ಕಾದಷ್ಟೂ ವಿದ್ಯುತ್ತಿಗೆ ಅದರ ತಡೆ ಕುಗ್ಗುವುದು. ಆದುದರಿಂದ ವೋಲ್ಟೇಜು ಏರಿದರೆ ಪ್ರವಾಹವು ಅದಕ್ಕಿಂತಲೂ ಮಿಗಿಲಾಗಿ ಏರುವುದು. ಇಳಿದರೆ ಮಿಗಿಲಾಗಿ ಇಳಿಯುವುದು.

ಲೋಹದ ರೀತಿ ಬೇರೆ. ಅಮೆರಿಕದ ಕೂಲಿಜ್ ಎಂಬಾತನು ಪೆಡಸಾದ ಟಂಗ್‌ಸ್ಟನ್ನನ್ನು ತಂತಿಯಾಗಿ ಎಳೆಯುವ ಬಗೆಯನ್ನು ಸಾಧಿಸಿದನು. 1911ರ ಸುಮಾರಿಗೆ ಅದು ಅಂಗಡಿಗೆ ಬಂದಿತು. ಉರಿಯುವಾಗ ಇದರ ತಡೆಯು ತಣ್ಣಗಿದ್ದಾಗಿನ ಹತ್ತರಷ್ಟಕ್ಕೂ ಮೇಲು; ಉಷ್ಣವೇ ಪ್ರವಾಹಕ್ಕೆ ಕಡಿವಾಣ. ವೋಲ್ಟೇಜು ನೂರಕ್ಕೆ 5 ಏರಿದರೆ ಪ್ರವಾಹವು ಸುಮಾರು 3, ಉಷ್ಣವು 8 ಏರುತ್ತವೆ. ಬೆಳಕಾದರೋ ನೂರಕ್ಕೆ 18! ಎಳೆಯು ಹೆಚ್ಚು ಕಾದಂತೆ ಅದು ಚೆಲ್ಲುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಪಾಲು ಬೆಳೆಯುವುದೇ ಕಾರಣ. ಇದು ಲಾಭವೆಂದೇ ನಮಗೆ ತೋರೀತು. ಆದರೆ ಲೋಹವು ಬೇಗನೆ ಆವಿಯಾಗಿ ದೀಪದ ಆಯುಸ್ಸು ಹೆಚ್ಚು ಕಡಿಮೆ ಅರ್ಧವಾಗುತ್ತದೆ.

ವರ್ತಕರೂ ಈ ಲೆಕ್ಕವನ್ನು ಬಲ್ಲವರು. 1924ರಲ್ಲಿ ಜಿನೀವದಲ್ಲಿ ಕೂಡಿದ ದೊಡ್ಡ ತಯಾರಕರ ಫೀಬಸ್ ಒಕ್ಕೂಟವು ದೀಪದ ಆಯುಸ್ಸನ್ನು 1,000 ಗಂಟೆಗೆ ಕಟ್ಟಿತು. ಅದನ್ನು ಮೀರಿ ಬಾಳುವ ದೀಪ ಮಾಡಿದವರಿಗೆ ದಂಡವಿತ್ತು. ಬೆಳಕು ಹೆಚ್ಚುವುದೆಂಬ ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬುರುಡೆ ಬೇಗ ಹೋದರೆ ಮಾರುವವನಿಗೂ ನಷ್ಟವಿಲ್ಲವಷ್ಟೆ.